ಐದು ಏನು? ಮೇಷ್ಟ್ರ ಹೆಸರಿನಲ್ಲಿ ವಿದ್ಯಾರ್ಥಿವೇತನ ಶುರು ಮಾಡಲು ಹೋಗಿ ನಾಲ್ಕು ವರ್ಷ

ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡಿದ್ದು 2021ರ ಮೇ ತಿಂಗಳಲ್ಲಿ. ಕೊರೊನಾ ಎರಡನೇ ಅಲೆ, ಎಲ್ಲ ಕಡೆ ಲಾಕ್‌ಡೌನ್. ಬೆಂಗಳೂರಿನಲ್ಲಿದ್ದ ನಾವ್ಯಾರೂ ಮಣ್ಣಿಗೆ ಹೋಗಲಾಗಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಕೈ ಮುಗಿದ ಚಿಹ್ನೆ ಹಾಕಿ ಸುಮ್ನಾದೆವು. ಆ ಸುಮ್ನಾಗಿದ್ದೇ ಚುಚ್ಚುತ್ತಿತ್ತೋ ಏನೋ, ಹತ್ತು ದಿನ ಕಳೆದ ಮೇಲೆ ಒಬ್ಬ ಬರೆದ, "ಮೇಷ್ಟ್ರ ಹೆಸರಲ್ಲಿ ಏನಾದ್ರೂ ಮಾಡೋಣ ಕಣ್ರೋ." ಇನ್ನೊಬ್ಬ ಸ್ಕಾಲರ್‌ಶಿಪ್ ಅಂದ. ನಾನು, ಯಾವ ಗಳಿಗೆಯಲ್ಲೋ ಏನೋ, "ದುಡ್ಡು ನನಗೆ ಕಳಿಸಿ, ನಾನು ನೋಡ್ಕೋತೀನಿ" ಅಂದುಬಿಟ್ಟೆ.

ಆ ಒಂದು ಮಾತಿಗೆ ನಾಲ್ಕು ವರ್ಷ ಓಡಾಡಿದ್ದೇನೆ. ಈಗ ಎಲ್ಲಾ ಕಾಗದ ಕೈಗೆ ಬಂದಿದೆ, 2025ರಲ್ಲಿ ಎಂಟು ಮಕ್ಕಳಿಗೆ ಹಣವೂ ಹೋಗಿದೆ. ನಿಮ್ಮೂರಲ್ಲೂ ಇಂಥ ಒಬ್ಬ ಮೇಷ್ಟ್ರೋ ಟೀಚರೋ ಇದ್ದು, ನೀವೂ ಹೀಗೇ ಬಾಯಿ ಹಾಕಿದ್ದರೆ, ಮೊದಲು ಇದನ್ನು ಓದಿ.

ಮೇಷ್ಟ್ರ ಬಗ್ಗೆ ಎರಡು ಮಾತು. ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಹೈಸ್ಕೂಲು ನಮ್ಮದು. ನಾನು 1998ರ ಎಸ್ಸೆಸ್ಸೆಲ್ಸಿ ಬ್ಯಾಚು. ಲೆಕ್ಕ ಬಿಡಿಸಿ ಉತ್ತರ ಐದು ಅಂತ ಬರೆದರೆ ಮೇಷ್ಟ್ರು ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಕೇಳೋರು, "ಐದು ಏನು? ಐದು ಮೀಟರಾ, ಐದು ಎಮ್ಮೆನಾ?" ಮಾನ ಬರೆಯದಿದ್ದರೆ ಅರ್ಧ ಅಂಕ ಹೋಯಿತು ಅಂತಲೇ ಲೆಕ್ಕ. ಜೂನ್ ತಿಂಗಳಲ್ಲಿ ಅವರ ಚೀಲದಲ್ಲಿ ಯಾವಾಗಲೂ ಒಂದು ಡಜನ್ ಕಂಪಾಸ್ ಬಾಕ್ಸ್ ಇರುತ್ತಿತ್ತು. ಯಾರಿಗೆ ಇಲ್ಲವೋ ಅವರ ಡೆಸ್ಕಿನ ಮೇಲೆ ಬೆಳಿಗ್ಗೆ ಬರುವಷ್ಟರಲ್ಲಿ ಒಂದು ಬಾಕ್ಸ್ ಇರೋದು. ಯಾರು ಇಟ್ಟರು ಅಂತ ಕೇಳುವ ಹಾಗಿರಲಿಲ್ಲ. ನನ್ನದೂ ಹಾಗೆ ಬಂದಿದ್ದೇ. ಮುಚ್ಚಳದ ಮೂಲೆ ಸ್ವಲ್ಪ ಸೊಟ್ಟಗಿತ್ತು, ಮುಚ್ಚಿದರೆ ಟಕ್ ಅನ್ನುತ್ತಿರಲಿಲ್ಲ, ರಬ್ಬರ್ ಬ್ಯಾಂಡ್ ಹಾಕಿಕೊಂಡು ಮೂರು ವರ್ಷ ಓಡಿಸಿದೆ.

ಸರಿ, ಮೊದಲ ತಪ್ಪಿಗೆ ಬರೋಣ.

ಎರಡು ತಿಂಗಳಲ್ಲಿ 143 ಜನ ಒಟ್ಟು 3,12,000 ರೂಪಾಯಿ ನನ್ನ ಸ್ವಂತ ಉಳಿತಾಯ ಖಾತೆಗೆ ಕಳಿಸಿದರು. ನೂರು ರೂಪಾಯಿಯಿಂದ ಹಿಡಿದು ಹತ್ತು ಸಾವಿರದವರೆಗೆ. ಖುಷಿಯಿಂದ ಎಕ್ಸೆಲ್ ಶೀಟು ಮಾಡಿದೆ. ಆಮೇಲೆ ಪರಿಚಯದ ಆಡಿಟರ್ ಹತ್ತಿರ ಹೋಗಿ ಮುಂದೇನು ಅಂತ ಕೇಳಿದೆ. ಅವರು ಶೀಟು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಯಾರ ದುಡ್ಡು?" "ಮೇಷ್ಟ್ರ ನಿಧಿದು ಸರ್." "ನಿಧಿ ಎಲ್ಲಿದೆ? ಖಾತೆ ನಿಮ್ಮದು, ಪ್ಯಾನ್ ನಿಮ್ಮದು. ನಾಳೆ ಇಲಾಖೆ ಕೇಳಿದ್ರೆ ಇದು ನಿಮ್ಮ ಆದಾಯ ಅಲ್ಲ ಅಂತ ಹೇಗೆ ತೋರಿಸ್ತೀರಿ? ನಾಳೆ ನಿಮಗೇನಾದ್ರೂ ಆದ್ರೆ ಈ ದುಡ್ಡು ನಿಮ್ಮ ವಾರಸುದಾರರಿಗೆ ಹೋಗುತ್ತೆ, ಗೊತ್ತಾ?"

ಎಲ್ಲರಿಗೂ ವಾಪಸ್ ಕಳಿಸಿ, ಟ್ರಸ್ಟ್ ಮಾಡಿ, ಅದರ ಖಾತೆ ತೆರೆದು, ಆಮೇಲೆ ಕೇಳಿ ಅಂದರು. 143 ಜನರಿಗೆ ಒಬ್ಬೊಬ್ಬರಿಗೇ ಹಣ ವಾಪಸ್ ಹಾಕಲು ನಾಲ್ಕು ರಾತ್ರಿ ಹಿಡಿಯಿತು. "ಯಾಕಪ್ಪಾ, ನನ್ನ ದುಡ್ಡು ಬೇಡ್ವಾ?" ಅಂತ ಬೇಜಾರು ಮಾಡಿಕೊಂಡವರು ಎಷ್ಟೋ ಜನ. ಆಮೇಲೆ ಟ್ರಸ್ಟಿನ ಖಾತೆಗೆ ಮತ್ತೆ ಹಾಕಿದವರು 117 ಜನ, 2,60,000 ರೂಪಾಯಿ. ಉಳಿದ 26 ಜನರನ್ನು ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಖಾತೆ ಆಗುವ ತನಕ ಒಂದು ರೂಪಾಯಿ ಮುಟ್ಟಬೇಡಿ. ಯಾರು ಎಷ್ಟು ಕೊಡುತ್ತಾರೆ ಅಂತ ಬರೆದಿಟ್ಟುಕೊಳ್ಳಿ, ಸಾಕು.

ಟ್ರಸ್ಟೇ ಬೇಕಾ ಅಂತ ನಾವೂ ತಲೆ ಕೆಡಿಸಿಕೊಂಡೆವು. ಸುಲಭದ ದಾರಿ ಶಾಲೆಯಲ್ಲೇ ದತ್ತಿನಿಧಿ ಇಡೋದು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರು ನಡಾವಳಿ ಬರೆದುಕೊಳ್ಳುತ್ತಾರೆ, ಹಣ ಶಾಲೆಯ ಹೆಸರಲ್ಲಿ ಎಫ್‌ಡಿ ಆಗುತ್ತದೆ, ಬಡ್ಡಿಯಲ್ಲಿ ಬಹುಮಾನ. ಅದನ್ನೇ ಮಾಡೋಣ ಅಂತ ಶಾಲೆಗೆ ಹೋದರೆ ಹೆಡ್‌ಮಾಸ್ಟರು ಬೀರುವಿನಿಂದ ಒಂದು ಹಳೇ ಫೈಲು ತೆಗೆದರು. 1987ರಲ್ಲಿ ಊರಿನ ಯಾರೋ ತಮ್ಮ ತಾಯಿಯ ಹೆಸರಲ್ಲಿ ಒಂದು ಸಾವಿರ ರೂಪಾಯಿ ದತ್ತಿ ಇಟ್ಟಿದ್ದರು. ಆ ಕಾಲಕ್ಕೆ ಅದರ ಬಡ್ಡಿಯಲ್ಲಿ ಒಂದು ಮಗುವಿಗೆ ವರ್ಷದ ಪುಸ್ತಕವೇ ಬರುತ್ತಿತ್ತಂತೆ. ಈಗ ವರ್ಷಕ್ಕೆ ಅರವತ್ತು ಚಿಲ್ಲರೆ. ಒಂದು ಸ್ಟೀಲ್ ಲೋಟ ಬರುತ್ತೆ, ಅದರ ಮೇಲೆ ಹೆಸರು ಕೊರೆಸಲು ದುಡ್ಡು ಸಾಲದು. ಹೆಡ್‌ಮಾಸ್ಟರು ವರ್ಗವಾದಾಗಲೆಲ್ಲ ಬ್ಯಾಂಕಿನಲ್ಲಿ ಸಹಿ ಬದಲಾಯಿಸಬೇಕು, ಮಧ್ಯೆ ಐದಾರು ವರ್ಷ ಯಾರೂ ಆ ಕಡೆ ನೋಡೇ ಇರಲಿಲ್ಲ.

ಆ ಲೋಟ ನೋಡಿದ ಮೇಲೆ ಟ್ರಸ್ಟ್ ಅಂತ ತೀರ್ಮಾನಿಸಿದೆವು. ಸಂಘ ಅಂತ ನೋಂದಾಯಿಸಬಹುದಿತ್ತು, 1960ರ ಸಂಘಗಳ ಕಾಯ್ದೆ ಪ್ರಕಾರ. ಅದಕ್ಕೆ ಕಡಿಮೆ ಅಂದರೂ ಏಳು ಜನ ಬೇಕು, ಪ್ರತಿ ವರ್ಷ ರಿಜಿಸ್ಟ್ರಾರಿಗೆ ಲೆಕ್ಕ ಕೊಡಬೇಕು. ಟ್ರಸ್ಟಿಗೆ ಇಬ್ಬರಿದ್ದರೂ ನಡೆಯುತ್ತೆ. ನಾವು ನಾಲ್ಕು ಜನ ಆದೆವು: ನಾನು, ಕೊಬ್ಬರಿ ಮಂಡಿ ಇಟ್ಟಿರುವ ಗೆಳೆಯ, ತಾಲ್ಲೂಕು ಕೇಂದ್ರದಲ್ಲಿ ಟೈಲರಿಂಗ್ ಅಂಗಡಿ ಇರುವ ಗೆಳತಿ, ನಿವೃತ್ತ ಹೆಡ್‌ಮಾಸ್ಟರೊಬ್ಬರು. (ನಿಮ್ಮದು ಎರಡು ಲಕ್ಷದೊಳಗಿನ ನಿಧಿಯಾದರೆ ಟ್ರಸ್ಟಿನ ಗೋಜಿಗೆ ಹೋಗಬೇಡಿ ಅನ್ನೋದು ನನ್ನ ಈಗಿನ ಅಭಿಪ್ರಾಯ. ಶಾಲೆಯ ದತ್ತಿನಿಧಿಯೇ ವಾಸಿ, ವರ್ಷಕ್ಕೊಮ್ಮೆ ಹೋಗಿ ಬೀರು ತೆಗೆಸುವ ಒಬ್ಬ ಹಳೇ ವಿದ್ಯಾರ್ಥಿ ಊರಲ್ಲಿದ್ದರೆ ಸಾಕು.)

ಮೇಷ್ಟ್ರ ಹೆಸರು ಇಡಲು ಮನೆಯವರ ಒಪ್ಪಿಗೆ ಪತ್ರ ತಗೊಳ್ಳಿ ಅಂತ ವಕೀಲರು ಹೇಳಿದರು. ಹೋದೆವು. ಮೇಷ್ಟ್ರ ಹೆಂಡತಿಯನ್ನು ನಾವೆಲ್ಲ ಮೊದಲಿನಿಂದಲೂ ಅಮ್ಮ ಅನ್ನೋದು. ಅಮ್ಮ ಮಜ್ಜಿಗೆ ಕೊಟ್ಟು, ನಾವು ಬರೆದುಕೊಂಡು ಹೋಗಿದ್ದ ಕರಡು ಓದಿಸಿಕೊಂಡರು. "ಬಡ ಪ್ರತಿಭಾವಂತ ವಿದ್ಯಾರ್ಥಿಗಳಿಗೆ" ಅಂತ ಇತ್ತು.

"ಬಡವ ಅಂದ್ರೆ ಎಷ್ಟು? ಪ್ರತಿಭೆ ಅಂದ್ರೆ ಎಷ್ಟು? ಸುಮ್ನೆ ಬರೆದ್ರಾಯ್ತೇನಪ್ಪಾ?" ಅಂದರು.

ನಾವು ನಾಲ್ಕೂ ಜನ ಮುಖ ಮುಖ ನೋಡಿಕೊಂಡೆವು. ಐದು ಏನು ಅಂತ ಮೇಷ್ಟ್ರೇ ಕೇಳಿದ ಹಾಗಾಯಿತು.

ಅಮ್ಮ ಮೂರು ಮಾತು ಹೇಳಿದರು. ಫಸ್ಟ್ ರ‍್ಯಾಂಕಿನವರಿಗೆ ಕೊಡಬೇಡಿ, ಅವರಿಗೆ ಕೊಡೋರು ಬೇಕಾದಷ್ಟು ಜನ ಇದ್ದಾರೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡುವ ಹಾಗಿರೋ ಮಕ್ಕಳನ್ನ ಹುಡುಕಿ. ಜಾತಿ ಕೇಳಬೇಡಿ. ದುಡ್ಡು ಈಸ್ಕೊಳ್ಳೋ ಮಗುವಿನ ಫೋಟೋ ತೆಗೆದು ಪೇಪರಿಗೆ ಹಾಕಬೇಡಿ. ಮೂರಕ್ಕೂ ಹೂಂ ಅಂದು ಬಂದೆವು. ಮೂರನೆಯದು ಮುಂದೆ ಎಷ್ಟು ಕಷ್ಟ ಕೊಡುತ್ತೆ ಅಂತ ಆಗ ಗೊತ್ತಿರಲಿಲ್ಲ.

ಟ್ರಸ್ಟ್ ಪತ್ರದ ನೋಂದಣಿ ಆಗಿದ್ದು 2021ರ ಡಿಸೆಂಬರಿನಲ್ಲಿ. ಬೇಕಾದ ಕಾಗದ ಹೆಚ್ಚೇನಿಲ್ಲ: ಟ್ರಸ್ಟಿಗಳೆಲ್ಲರ ಆಧಾರ್, ಪ್ಯಾನ್, ಫೋಟೋ, ಇಬ್ಬರು ಸಾಕ್ಷಿಗಳು, ಟ್ರಸ್ಟಿನ ವಿಳಾಸಕ್ಕೆ ಪುರಾವೆ. ಈ ವಿಳಾಸದ್ದೇ ತಲೆನೋವು. ಮಂಡಿಯ ಗೆಳೆಯನ ಮನೆ ವಿಳಾಸ ಕೊಟ್ಟೆವು. ಕರೆಂಟ್ ಬಿಲ್ಲು ನೋಡಿದರೆ ಅದು ಅವನ ತಾತನ ಹೆಸರಲ್ಲಿದೆ. ತಾತ ಹೋಗಿ ಇಪ್ಪತ್ತೆರಡು ವರ್ಷ. ಸತ್ತವರು ಒಪ್ಪಿಗೆ ಪತ್ರ ಬರೆಯೋಕಾಗಲ್ಲವಲ್ಲ. ಕೊನೆಗೆ ಟೈಲರಿಂಗ್ ಅಂಗಡಿಯ ವಿಳಾಸ ಹಾಕಿದೆವು. ಕಟ್ಟಡದ ಮಾಲೀಕರು ಒಳ್ಳೆಯವರು, ಆಕ್ಷೇಪಣೆ ಇಲ್ಲ ಅಂತ ಬರೆದುಕೊಟ್ಟರು. ಹಾಗಾಗಿ ನಮ್ಮ ಟ್ರಸ್ಟಿನ ಕಚೇರಿ ಅಂದರೆ ಇವತ್ತಿಗೂ ಎರಡು ಹೊಲಿಗೆ ಯಂತ್ರದ ನಡುವಿನ ಒಂದು ಸ್ಟೂಲು.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಮೊದಲ ದಿನ ಹೋದಾಗ ಸರ್ವರ್ ಡೌನ್. ಎರಡನೇ ಸಲ ಒಬ್ಬ ಟ್ರಸ್ಟಿಗೆ ಜ್ವರ. ಮೂರನೇ ಸಲ ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ನಾಲ್ಕೂವರೆಗೆ ಹೆಬ್ಬೆಟ್ಟು ಒತ್ತಿ ಬಂದೆವು. ಆ ಮಧ್ಯೆ ಹೊರಗಡೆ ಬೆಂಚಿನ ಮೇಲೆ ಕೂತಿದ್ದಾಗ ಒಬ್ಬ ಮಧ್ಯವರ್ತಿ ಬಂದು, ಇನ್‌ಕಂ ಟ್ಯಾಕ್ಸ್ ಸರ್ಟಿಫಿಕೇಟ್ ಕೂಡ ಮಾಡಿಸಿಕೊಡ್ತೀನಿ, ಎಂಟು ಸಾವಿರ "ಒಳಗಡೆ" ಕೊಡಬೇಕಾಗುತ್ತೆ ಅಂದ. ನೆನಪಿಟ್ಟುಕೊಳ್ಳಿ, 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿಗೆ (ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ) ಅರ್ಜಿ ಹಾಕಲು ಸರ್ಕಾರಿ ಶುಲ್ಕ ಒಂದು ಪೈಸೆಯೂ ಇಲ್ಲ. ಆಡಿಟರ್ ಫೀಸು ಮಾತ್ರ.

ಪತ್ರದಲ್ಲಿ ನಾವು ಮಾಡಿದ ಎರಡು ತಪ್ಪು ಹೇಳಿಬಿಡುತ್ತೇನೆ. ಒಂದು, ಪತ್ರವೆಲ್ಲ ಕನ್ನಡದಲ್ಲಿತ್ತು. ಕನ್ನಡದಲ್ಲಿರೋದು ಸರಿಯೇ. ಆದರೆ ಪ್ಯಾನ್ ಕಾರ್ಡು ಇಂಗ್ಲಿಷಿನಲ್ಲಿ ಬರುತ್ತದೆ. "ಸ್ಮಾರಕ" ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆದಾಗ ಕೊನೆಗೆ ಒಂದು 'ಎ' ಇದೆಯೋ ಇಲ್ಲವೋ? ಪ್ಯಾನಿನಲ್ಲಿ ಇತ್ತು, ಬ್ಯಾಂಕಿನವರು ಹೊಡೆದಿದ್ದರಲ್ಲಿ ಇರಲಿಲ್ಲ. ಆ ಒಂದು 'ಎ'ಗೆ ಆರು ವಾರ. 107 ರೂಪಾಯಿಯ ಪ್ಯಾನ್ ಅರ್ಜಿಗೆ ಹೋಗಿ ಬಂದ ಬಸ್ ಚಾರ್ಜೇ ಎರಡು ಸಾವಿರ ಆಯಿತು. ಟ್ರಸ್ಟಿನ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಪತ್ರದಲ್ಲೇ ಒಂದು ಸಾಲಿನಲ್ಲಿ ಬರೆಸಿಬಿಡಿ.

ಎರಡನೆಯದು ವಿಸರ್ಜನೆಯ ಷರತ್ತು. ಮುಂದೆ ಟ್ರಸ್ಟ್ ಮುಚ್ಚಿದರೆ ಉಳಿದ ಹಣ ಟ್ರಸ್ಟಿಗಳಿಗೆ ಹೋಗದೆ ಇದೇ ಥರದ ಇನ್ನೊಂದು ಟ್ರಸ್ಟಿಗೆ ಹೋಗಬೇಕು ಅನ್ನುವ ಮಾತು. ಪತ್ರ ಬರೆಯುವವರು ಹಳೇ ಯಾವುದೋ ನಮೂನೆ ಇಟ್ಟುಕೊಂಡು ಬರೆದರು, ಅದರಲ್ಲಿ ಇದು ಇರಲಿಲ್ಲ. ಶುರು ಮಾಡೋ ದಿನವೇ ಮುಚ್ಚೋ ಮಾತು ಯಾಕೆ ಅಂತ ನಾವೂ ಕೇಳಲಿಲ್ಲ. ಮೂರು ವರ್ಷ ಆದ ಮೇಲೆ ಇದೇ ಬಂದು ಕಾಲಿಗೆ ಸುತ್ತಿಕೊಂಡಿತು.

2022ರ ಫೆಬ್ರವರಿಯಲ್ಲಿ ಈ 12ಎ, 80ಜಿ ನೋಂದಣಿಗೆ ಫಾರಂ 10ಎ ಹಾಕಿದೆವು. ಮೂರು ವಾರಕ್ಕೆ ತಾತ್ಕಾಲಿಕ ನೋಂದಣಿ ಬಂತು. ಇಷ್ಟು ಸುಲಭವಾ ಅಂತ ಗ್ರೂಪಿನಲ್ಲಿ ಮೈಸೂರು ಪಾಕಿನ ಫೋಟೋ ಹಾಕಿದೆ. ತಾತ್ಕಾಲಿಕ ಅನ್ನುವ ಪದ ಕಣ್ಣಿಗೆ ಬೀಳಲಿಲ್ಲ.

ಈಗ ಹಣದ ಕಥೆ. ಮೂಲನಿಧಿ ಮುಟ್ಟಬಾರದು, ಬಡ್ಡಿಯಲ್ಲೇ ನಡೆಯಬೇಕು ಅನ್ನೋದು ನಮ್ಮ ಲೆಕ್ಕ. ಅದಕ್ಕೆ ದಾನಿಗಳು "ಇದು ಮೂಲನಿಧಿಗೆ" ಅಂತ ಬರೆದು ಕೊಡಬೇಕು. ಬಾಯಲ್ಲಿ ಹೇಳಿದರೆ ಆಗಲ್ಲ. ವಾಟ್ಸಾಪಿನಲ್ಲಿ ಒಂದು ನಮೂನೆ ಹಾಕಿ, ಸಹಿ ಮಾಡಿ ಫೋಟೋ ಕಳಿಸಿ ಅಂದೆವು, ಜೊತೆಗೆ ಪ್ಯಾನ್ ನಂಬರ್ ಕೇಳಿದೆವು. ನೂರು ರೂಪಾಯಿ ಕೊಟ್ಟವರ ಹತ್ತಿರ ಪ್ಯಾನ್ ಕೇಳೋದು ಎಷ್ಟು ಮುಜುಗರ ಅಂತ ಕೇಳಿದವರಿಗೇ ಗೊತ್ತು. ನಗದಾಗಿ ಎರಡು ಸಾವಿರಕ್ಕಿಂತ ಜಾಸ್ತಿ ಕೊಟ್ಟರೆ ಕೊಟ್ಟವರಿಗೆ 80ಜಿ ವಿನಾಯಿತಿ ಸಿಗಲ್ಲ, ಅದನ್ನೂ ಮೊದಲೇ ಹೇಳಿಬಿಡಿ.

ಇಟ್ಟ ಹಣವನ್ನೂ ಎಲ್ಲೆಂದರಲ್ಲಿ ಹಾಕುವ ಹಾಗಿಲ್ಲ. ಮಂಡಿಯ ಗೆಳೆಯ, "ಚೀಟಿ ಹಾಕೋಣ, ಇಲ್ಲಾಂದ್ರೆ ಕೈಬಡ್ಡಿಗೆ ಬಿಡೋಣ, ಬ್ಯಾಂಕಲ್ಲಿ ಏನು ಸಿಗುತ್ತೆ" ಅಂದ. ಅವನ ಮಾತು ಸುಳ್ಳಲ್ಲ, 2022ರ ಶುರುವಿನಲ್ಲಿ ರೆಪೊ ದರ (ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ 4, ನಮ್ಮ ಎಫ್‌ಡಿಗೆ ಸಿಕ್ಕಿದ್ದು ಶೇ 5.3. ಆದರೆ ಕಾನೂನು ಹೇಳಿದ ಕಡೆಯೇ ಇಡಬೇಕು: ಬ್ಯಾಂಕು, ಅಂಚೆ ಕಚೇರಿ, ಅಂಥವು. 2023ರ ಫೆಬ್ರವರಿ ಹೊತ್ತಿಗೆ ರೆಪೊ 6.5ಕ್ಕೆ ಏರಿದಾಗ ನಾವು ಎಫ್‌ಡಿ ಮುರಿದು ಹೊಸದಾಗಿ ಶೇ 7.1ಕ್ಕೆ ಇಟ್ಟೆವು. 2025ರಲ್ಲಿ ಮತ್ತೆ ದರ ಇಳಿಯಿತು. ಅವಧಿ ಮುಗಿದಾಗ ಏನೋ ಗೊತ್ತಿಲ್ಲ.

ಇನ್ನೊಂದು ಒಳಗುಟ್ಟು. ವರ್ಷದ ಆದಾಯದಲ್ಲಿ ಶೇ 85 ಖರ್ಚು ಮಾಡಲೇಬೇಕು, ಉಳಿಸಿಕೊಳ್ಳಲು ಬಿಡೋದು ಶೇ 15. ಅಂದರೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಸೇರಿಸಿ ನಿಧಿ ಬೆಳೆಸುತ್ತೇನೆ ಅನ್ನೋದು ನಡೆಯಲ್ಲ. ಬೆಲೆ ಏರಿದ ಹಾಗೆ ಮಗುವಿಗೆ ಕೊಡುವುದೂ ಏರಬೇಕಾದರೆ ಪ್ರತಿ ವರ್ಷ ಮೂಲನಿಧಿಗೆ ಹೊಸದಾಗಿ ಕೇಳುತ್ತಲೇ ಇರಬೇಕು. ಇಲ್ಲದಿದ್ದರೆ ಮೂವತ್ತು ವರ್ಷಕ್ಕೆ ನಮ್ಮದೂ ಸ್ಟೀಲ್ ಲೋಟವೇ.

ಕೇಳುವುದರಲ್ಲೂ ಪಾಠ ಆಯಿತು. ನಮ್ಮ ಕಡೆ ಕೊಬ್ಬರಿ ಅಟ್ಟದಲ್ಲಿರುತ್ತೆ, ದುಡ್ಡೂ ಅಲ್ಲೇ ಇರುತ್ತೆ. "ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ" ಅಂದವರು ಸುಮಾರು ಜನ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ಬರಲಿಲ್ಲ. ಆ ವರ್ಷ ಯಾರನ್ನೂ ಕೇಳಲು ಬಾಯಿ ಬರಲಿಲ್ಲ. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ 20,000 ದಾಟಿದ್ದೇ ತಡ, ಒಬ್ಬ ತಾನಾಗೇ ಫೋನ್ ಮಾಡಿ, "ನಂಬರ್ ಕಳ್ಸೋ, ಮೇಷ್ಟ್ರ ಬಾಕಿ ಇದೆ" ಅಂದ. ಈಗ ಮೂಲನಿಧಿ 6,40,000 ಆಗಿದೆ.

ಇನ್ನೊಬ್ಬರು ಒಂದು ಲಕ್ಷ ಒಟ್ಟಿಗೆ ಕೊಡುತ್ತೇವೆ, ನಮ್ಮ ಜನಾಂಗದ ಮಕ್ಕಳಿಗೆ ಮಾತ್ರ ಕೊಡಬೇಕು ಅಂದರು. ನಾಲ್ಕು ಜನರಲ್ಲಿ ಒಬ್ಬರಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಒಂದು ಜಾತಿಗೆ ಅಂತ ಮೀಸಲಿಟ್ಟರೆ ತೆರಿಗೆ ವಿನಾಯಿತಿಗೇ ಕುತ್ತು ಅಂತ ಆಡಿಟರ್ ಹೇಳಿದ್ದು ನಮಗೆ ಒಳ್ಳೇ ನೆಪ ಆಯಿತು. ಅಮ್ಮನ ಮಾತು ಅಂತ ಹೇಳಿದ್ದರೆ ಅವರು ಕೇಳುತ್ತಿರಲಿಲ್ಲ.

ಹೊರದೇಶದ ಹಣಕ್ಕೆ ಬೇರೆಯೇ ಲೆಕ್ಕ. ದುಬೈನಲ್ಲಿರುವ ಗೆಳೆಯನದು ಭಾರತದ ಪಾಸ್‌ಪೋರ್ಟು, ತನ್ನ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಪಾಸ್‌ಪೋರ್ಟ್ ಪ್ರತಿ ಫೈಲಿನಲ್ಲಿಟ್ಟೆವು. ಅಮೆರಿಕದಲ್ಲಿರುವವನು ಅಲ್ಲಿನ ಪೌರತ್ವ ತಗೊಂಡಿದ್ದಾನೆ. ಅವನು ಕೊಟ್ಟರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು. ಅದಕ್ಕೆ ಟ್ರಸ್ಟಿಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ನಮಗೆ ಅದು ಈ ಜನ್ಮದ ಮಾತಲ್ಲ. ತಂಗಿ ಕೈಲಿ ಕೊಡಿಸ್ತೀನಿ ಅಂದ. ಸುತ್ತಿ ಬಳಸಿ ತರೋದು ಬೇಡ ಅಂತ ಆಡಿಟರ್ ಕಡ್ಡಿ ಮುರಿದ ಹಾಗೆ ಹೇಳಿದರು. ಅವನು ಒಂದು ವಾರ ಮುನಿಸಿಕೊಂಡ. ಆಮೇಲೆ ನಮ್ಮ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ಲೆಕ್ಕ ಹೇಳಿಕೊಡೋಕೆ ಶುರು ಮಾಡಿದ. ಅವನಿಗೆ ಅದು ಶನಿವಾರ ರಾತ್ರಿ. ಎರಡು ವರ್ಷದಿಂದ ತಪ್ಪಿಸಿಲ್ಲ.

ಕೊಡುವುದು ಸುಲಭ ಅಂದುಕೊಂಡಿದ್ದೆ. 2022ರ ಆಗಸ್ಟಿನಲ್ಲಿ ಮೊದಲ ಸಲ ಮೂರು ಮಕ್ಕಳನ್ನು ಆರಿಸಿದೆವು. ಬಡ್ಡಿ ಇನ್ನೂ ಕೂಡಿರಲಿಲ್ಲ, ನಾವು ನಾಲ್ಕು ಜನ ಕೈಯಿಂದ ಹಾಕಿದೆವು. ಶಾಲೆಯೊಳಗೆ ಹೋಗಿ ಮಕ್ಕಳ ಮಾಹಿತಿ ಕೇಳಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಪತ್ರ ಇದ್ದರೆ ಹೆಡ್‌ಮಾಸ್ಟರಿಗೂ ಧೈರ್ಯ, ಅದನ್ನು ಮೊದಲೇ ಮಾಡಿಸಿಕೊಳ್ಳಿ. ಆದಾಯ ಪತ್ರ ನಾಡಕಚೇರಿಯದೇ ಕೇಳಿದೆವು. ಎಲ್ಲಾ ಮಕ್ಕಳಿಗೂ ಸರ್ಕಾರಿ ವಿದ್ಯಾರ್ಥಿವೇತನಕ್ಕಾಗಿ ಮೊದಲೇ ಮಾಡಿಸಿರುತ್ತೆ, ಹೊಸದಾಗಿ ಓಡಾಡಿಸಬೇಡಿ.

ಮೂರು ಮಕ್ಕಳಲ್ಲಿ ಒಬ್ಬಳಿಗೂ ಹಣ ಸರಿಯಾಗಿ ಹೋಗಲಿಲ್ಲ. ಒಬ್ಬಳ ಪಾಸ್‌ಬುಕ್ಕಿನಲ್ಲಿ ಸಿಂಡಿಕೇಟ್ ಬ್ಯಾಂಕಿನ ಹಳೇ ಐಎಫ್‌ಎಸ್‌ಸಿ (ಶಾಖೆಯ ಕೋಡು) ಇತ್ತು. ಆ ಬ್ಯಾಂಕು 2020ರ ಏಪ್ರಿಲ್ 1ರಂದೇ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿತ್ತು, ನಾವೇ ನೋಡಿಕೊಳ್ಳಲಿಲ್ಲ. ಇನ್ನೊಬ್ಬಳ ಹೆಸರು ಶಾಲೆಯಲ್ಲಿ ಒಂದು, ಆಧಾರಿನಲ್ಲಿ ಒಂದು. ಮೂರನೆಯವಳ ಖಾತೆಗೆ ಹಣ ಬಿದ್ದ ದಿನವೇ ಕನಿಷ್ಠ ಬ್ಯಾಲೆನ್ಸ್ ಇಲ್ಲ ಅಂತ ಹಳೇ ದಂಡವೆಲ್ಲ ಕತ್ತರಿಸಿಕೊಂಡು ಐದು ಸಾವಿರದಲ್ಲಿ ನಾಲ್ಕು ಸಾವಿರದ ಆರುನೂರು ಉಳಿಯಿತು. ಅವಳ ಅಪ್ಪ ಫೋನ್ ಮಾಡಿ, ಬಹಳ ಸಂಕೋಚದಿಂದ, "ಸಾರ್, ಐದು ಅಂದಿದ್ರಿ" ಅಂದರು. ಆ ನಾನೂರು ರೂಪಾಯಿ ನಾನು ಕಳ್ಳತನ ಮಾಡಿದ ಹಾಗೆ ಮೈಯೆಲ್ಲ ಬಿಸಿಯಾಯಿತು. ಈಗ ಮೊದಲು ಒಂದು ರೂಪಾಯಿ ಕಳಿಸಿ, ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿ ಫೋಟೋ ಕಳಿಸಲು ಹೇಳುತ್ತೇವೆ. ಆಮೇಲೆ ಪೂರ್ತಿ ಹಣ. ಖಾತೆ ಝೀರೋ ಬ್ಯಾಲೆನ್ಸಿನದೇ ಅಂತ ಕೇಳಿ ಖಚಿತ ಮಾಡಿಕೊಳ್ಳುತ್ತೇವೆ. ಹಣದ ಜೊತೆಗೆ ಪ್ರತಿ ಮಗುವಿಗೂ ಒಂದು ಕಂಪಾಸ್ ಬಾಕ್ಸ್, ಅದು ಡೆಸ್ಕಿನ ಮೇಲೆ ಬೆಳಿಗ್ಗೆ ಮೊದಲೇ ಇರುತ್ತೆ.

ಇನ್ನು ಗಂಟಲಿಗೆ ಬಂದ ವಿಷಯ. ತಾತ್ಕಾಲಿಕ ನೋಂದಣಿ ಸಿಕ್ಕವರು ಕೆಲಸ ಶುರು ಮಾಡಿದ ಆರು ತಿಂಗಳೊಳಗೆ ಫಾರಂ 10ಎಬಿ ಹಾಕಿ ಪೂರ್ಣ ನೋಂದಣಿ ಮಾಡಿಸಿಕೊಳ್ಳಬೇಕಿತ್ತು. ನಮ್ಮ ಲೆಕ್ಕದಲ್ಲಿ ಅದು 2023ರ ಫೆಬ್ರವರಿ. ನಮಗೆ ಗೊತ್ತಾಗಿದ್ದು 2024ರ ಮಾರ್ಚಿನಲ್ಲಿ. ಆಡಿಟರ್ ತಮಗೂ ತಪ್ಪಿಹೋಯಿತು ಅಂತ ಒಪ್ಪಿಕೊಂಡರು, ನಾನು ಕೋಪ ಮಾಡಿಕೊಳ್ಳಲಿಲ್ಲ, ರಾತ್ರಿ ನಿದ್ದೆ ಮಾತ್ರ ಬರಲಿಲ್ಲ. ನಮ್ಮ ಪುಣ್ಯ, ಏಪ್ರಿಲ್ 25ರಂದು ಸಿಬಿಡಿಟಿಯ (ಕೇಂದ್ರ ನೇರ ತೆರಿಗೆ ಮಂಡಳಿ) ಸುತ್ತೋಲೆ ಬಂತು, ಗಡುವು ಜೂನ್ 30ರವರೆಗೆ. ದೇಶದ ತುಂಬ ನಮ್ಮಂಥವರು ಇದ್ದರು ಅಂತ ಆಗ ಗೊತ್ತಾಯಿತು. ಜೂನಿನಲ್ಲಿ ಹಾಕಿದೆವು.

ಸೆಪ್ಟೆಂಬರಿನಲ್ಲಿ ಪೋರ್ಟಲ್ಲಿಗೆ ನೋಟಿಸ್ ಬಂತು. ಹದಿನೈದು ದಿನದಲ್ಲಿ ಉತ್ತರ ಕೊಡಿ. ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಫಲಾನುಭವಿಗಳ ಪಟ್ಟಿ, ಮಾಡಿದ ಕೆಲಸದ ಟಿಪ್ಪಣಿ, ಫೋಟೋಗಳು. ಮತ್ತೆ, ನಿಮ್ಮ ಪತ್ರದಲ್ಲಿ ವಿಸರ್ಜನೆಯ ಷರತ್ತು ಎಲ್ಲಿದೆ?

ಪತ್ರಕ್ಕೆ ತಿದ್ದುಪಡಿ ಮಾಡಬಹುದಾ ಅಂತ ನೋಡಿದರೆ, ಸದ್ಯ, ತಿದ್ದುಪಡಿಗೆ ಅವಕಾಶ ಅಂತ ಒಂದು ಸಾಲು ಇತ್ತು. ಆ ಸಾಲೂ ಇಲ್ಲದಿದ್ದರೆ ಸಿವಿಲ್ ಕೋರ್ಟಿಗೆ ಹೋಗಬೇಕಿತ್ತು. ಮತ್ತೆ ನಾಲ್ಕೂ ಜನ ರಜೆ ಹಾಕಿ ಸಬ್ ರಿಜಿಸ್ಟ್ರಾರ್ ಕಚೇರಿಗೆ. ಈ ಸಲ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0 ಬಂದಿತ್ತು, ಮನೆಯಲ್ಲೇ ಕೂತು ಕಾಗದ ಅಪ್‌ಲೋಡ್ ಮಾಡಿ ಸಮಯ ಗೊತ್ತು ಮಾಡಿಕೊಂಡು ಹೋದೆವು, ಅರ್ಧ ಗಂಟೆಗೆ ಮುಗಿಯಿತು. ಒಳ್ಳೇದನ್ನೂ ಹೇಳಬೇಕಲ್ವಾ.

ಫೋಟೋದ್ದೇ ಸಮಸ್ಯೆ. ಅಮ್ಮನಿಗೆ ಮಾತು ಕೊಟ್ಟಿದ್ದೇವೆ, ಇಲಾಖೆ ಪುರಾವೆ ಕೇಳುತ್ತಿದೆ. ಟೈಲರಿಂಗ್ ಗೆಳತಿಯೇ ದಾರಿ ತೋರಿಸಿದಳು. ಕ್ಲಾಸಿನ ಹಿಂದಿನ ಬೆಂಚಿನಿಂದ ತೆಗೆಯಿರಿ ಅಂದಳು. ಮಕ್ಕಳ ಬೆನ್ನು, ಎರಡು ಜಡೆ, ಡೆಸ್ಕಿನ ಮೇಲೆ ಬಾಕ್ಸುಗಳು, ಎದುರಿಗೆ ಬೋರ್ಡಿನ ಮೇಲೆ ಅರ್ಧ ಒರೆಸಿದ ಒಂದು ಲೆಕ್ಕ. ಜೊತೆಗೆ ಹೆತ್ತವರ ಸಹಿ ಇರುವ ರಸೀದಿ, ಹೆಡ್‌ಮಾಸ್ಟರ ಪ್ರಮಾಣಪತ್ರ, ಕಂಪಾಸ್ ಬಾಕ್ಸ್ ಕೊಂಡ ಬಿಲ್ಲು. ಕಳಿಸಿ ಕೂತೆವು. ಆದೇಶ ಡಿಸೆಂಬರ್ ಕೊನೆಯ ವಾರ ಬಂತು. ಬಸ್ಸಿನಲ್ಲಿದ್ದೆ, ಮೆಸೇಜು ನೋಡಿ ಪಕ್ಕದಲ್ಲಿದ್ದ ಗುರುತಿಲ್ಲದವರಿಗೆ "ಆಯ್ತು ಸಾರ್" ಅಂದೆ. ಅವರು "ಇಳೀತೀರಾ?" ಅಂತ ಕಾಲು ಸರಿಸಿದರು.

ಖರ್ಚು ಎಷ್ಟಾಯಿತು ಅಂತ ಕೇಳುವವರಿಗೆ: ಮೊದಲ ಪತ್ರಕ್ಕೆ ವಕೀಲರ ಫೀಸು, ಸ್ಟಾಂಪು, ನೋಂದಣಿ ಎಲ್ಲಾ ಸೇರಿ ಒಂಬತ್ತು ಸಾವಿರ, ತಿದ್ದುಪಡಿಗೆ ಮೂರೂವರೆ, ಆಡಿಟರಿಗೆ ಎರಡು ಅರ್ಜಿಗೂ ಸೇರಿ ಹದಿನಾಲ್ಕು, ಓಡಾಟ, ಜೆರಾಕ್ಸು, ರಬ್ಬರ್ ಸ್ಟಾಂಪು ಸುಮಾರು ನಾಲ್ಕು. ಹತ್ತಿರ ಹತ್ತಿರ ಮೂವತ್ತೊಂದು ಸಾವಿರ. ಇದನ್ನು ನಿಧಿಯಿಂದ ತೆಗೆಯಲಿಲ್ಲ, ನಾಲ್ಕು ಜನ ಹಂಚಿಕೊಂಡೆವು. ಸ್ಟಾಂಪಿನ ದರ ಬದಲಾಗುತ್ತಿರುತ್ತೆ, ನೀವು ಹೋಗುವ ಮುಂಚೆ ಕೇಳಿಕೊಳ್ಳಿ. ನನ್ನ ರಜೆ ಹನ್ನೊಂದು ದಿನ ಹೋಯಿತು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ನಾನು ಹೇಳಿರುವ ಫಾರಂ, ಸೆಕ್ಷನ್ ನಂಬರುಗಳು ಹಳೇ ಕಾಯ್ದೆಯವು, ಆಡಿಟರ್ ಹತ್ತಿರ ಸರಿ ನೋಡಿಕೊಳ್ಳಿ.

80ಜಿ ಬಗ್ಗೆ ಒಂದು ಮಾತು. ಅಷ್ಟೆಲ್ಲ ಒದ್ದಾಡಿ ತಂದೆವು, ದಾನಿಗಳಲ್ಲಿ ಹೆಚ್ಚಿನವರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ, ಅವರಿಗೆ ಅದರಿಂದ ಉಪಯೋಗವೇ ಇಲ್ಲ. ಸರ್ಟಿಫಿಕೇಟ್ ಬೇಕು ಅಂತ ಕೇಳಿದವರು ಒಂಬತ್ತು ಜನ. ಹಾಗಂತ ನಾವು ಸುಮ್ನಿರುವ ಹಾಗಿಲ್ಲ, ಪ್ರತಿ ವರ್ಷ ಮೇ 31ರೊಳಗೆ ದಾನಿಗಳ ವಿವರ ಫಾರಂ 10ಬಿಡಿಯಲ್ಲಿ ಹಾಕಲೇಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದಾದ ಮೇಲೆ ಒಬ್ಬೊಬ್ಬರಿಗೂ 10ಬಿಇ ಅನ್ನುವ ಸರ್ಟಿಫಿಕೇಟ್ ಇಳಿಸಿ ಕೊಡಬೇಕು.

ಆ ಒಂಬತ್ತರಲ್ಲಿ ಅಮ್ಮ ಇರಲಿಲ್ಲ, ಆದರೂ ಅವರದ್ದನ್ನು ಪ್ರಿಂಟ್ ಹಾಕಿಸಿಕೊಂಡು ನಾನೇ ತೆಗೆದುಕೊಂಡು ಹೋದೆ. ಪಿಂಚಣಿಯಲ್ಲಿ ವರ್ಷಕ್ಕೆ ಒಂದು ಸಾವಿರ ಹಾಕುತ್ತಾರೆ, ಬೇಡ ಅಂದರೆ ಕೇಳಲ್ಲ. ಕನ್ನಡಕ ಹಾಕಿಕೊಂಡು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗೆ ನಿಧಾನಕ್ಕೆ ಓದಿದರು. ಆಮೇಲೆ ಒಂದು ಕಡೆ ಬೆರಳಿಟ್ಟರು.

"ಇಲ್ಲಿ ನನ್ನ ಹೆಸರು ತಪ್ಪಾಗಿದೆಯಲ್ಲಪ್ಪಾ. ಒಂದು 'ಎ' ಬಿಟ್ಟೋಗಿದೆ."

ಪೆನ್ನು ಕೇಳಿದರು. ನನ್ನ ಜೇಬಿನಲ್ಲಿದ್ದದ್ದು ನೀಲಿ. ಪರವಾಗಿಲ್ಲ ಅಂದು, ಆ ಜಾಗಕ್ಕೆ ಸುತ್ತು ಹಾಕಿ, ಹಾಳೆ ವಾಪಸ್ ಕೊಟ್ಟರು. ತಿದ್ದುಪಡಿ ಹಾಕಬಹುದು, ಪೋರ್ಟಲ್ಲಿನಲ್ಲಿ ಅವಕಾಶ ಇದೆ. ಸೋಮವಾರ ಆಡಿಟರ್ ಹತ್ತಿರ ಹೋಗಬೇಕು.